ವೀನಿ ಆರಿಸಿದ ನೆಲ

ನಮ್ಮಲ್ಲಿ ಸತ್ತವರ ಗುಂಡಿಯನ್ನು ಅವರ ಮನೆಯವರು ತೋಡುವುದಿಲ್ಲ. ಎದುರು ಬೆಡಗಿನವರು ತೋಡಬೇಕು. ಅಂದರೆ ನಾವು ಹೆಣ್ಣು ಕೊಟ್ಟು ತರುವ ಕಡೆಯವರು. ಪೆಟ್ಟಿಗೆ ಮಾಡುವುದೂ ಅವರೇ, ಗೋರಿಯ ಸುತ್ತ ಮರದ ಬೇಲಿ ಕಟ್ಟಿ ಬಣ್ಣ ಬಳಿಯುವುದೂ ಅವರೇ. ದುಃಖದ ಮನೆಯವರು ಅಡುಗೆ ಮಾಡಿ ತಂದು ಕೆಲಸದವರ ಹೊಟ್ಟೆ ನೋಡಿಕೊಳ್ಳಬೇಕು, ಅಷ್ಟೆ. ಬೆಡಗು, ಅಂದರೆ ಕುಲದ ಕವಲು, ತಾಯಿಯಿಂದ ಬರುತ್ತದೆ. ವೀನಿ ಒಂದು ಬೆಡಗು, ನಾನೂ ಅವಳ ಗಂಡನಾದ ನನ್ನ ತಮ್ಮ ಎನಾಕನೂ ಇನ್ನೊಂದು. ಆದ್ದರಿಂದ ಅವಳು ಮೊದಲು ಹೋದರೆ ಸಲಿಕೆ ನನ್ನ ಕೈಗೆ, ನಾನು ಮೊದಲು ಹೋದರೆ ಅವಳ ಅಣ್ಣತಮ್ಮಂದಿರ ಕೈಗೆ ಎಂಬುದು ನಾವು ಹುಟ್ಟುವ ಮೊದಲೇ ತೀರ್ಮಾನವಾಗಿದ್ದ ಸಂಗತಿ.

ಇದರ ಬಗ್ಗೆ ನಾವಿಬ್ಬರೂ ಆಡಿಕೊಂಡಷ್ಟು ಇನ್ನಾವುದರ ಬಗ್ಗೆಯೂ ಆಡಿಕೊಂಡಿಲ್ಲ.

"ಭಾವಾ, ಆ ಹೊಟ್ಟೆ ಸ್ವಲ್ಪ ಇಳಿಸಪ್ಪ. ನಮ್ಮ ಹುಡುಗರು ನಿನಗೆ ಗುಂಡಿ ತೋಡೋದೋ, ಕೆರೆ ತೋಡೋದೋ?" ಎನ್ನುತ್ತಿದ್ದಳು, ನಾನು ಎರಡನೇ ಸಲ ಮೀನಿನ ಸಾರು ಬಡಿಸಿಕೊಂಡಾಗ.

"ನಿನ್ನದೇನೂ ಚಿಂತೆ ಇಲ್ಲ ಬಿಡು. ಕೊಕ್ಕರೆ ಥರ ಇದೀಯ. ಹಾರೆಯಲ್ಲಿ ಒಂದು ತೂತು ಹೊಡೆದು ನಿಲ್ಲಿಸಿಬಿಡ್ತೀನಿ."

ಕಳೆದ ನವೆಂಬರಿನಲ್ಲಿ ಸಲಿಕೆ ನನ್ನ ಕೈಗೆ ಬಂತು. ಅವಳ ಬಗ್ಗೆ ನಾಲ್ಕು ಮಾತು ಬರೆದಿಡು ಎಂದು ಅವಳ ಮಗಳು ಡಾರ್ಲಾ ಕೇಳಿದಳು. ಈ ಊರಿನಲ್ಲಿ ಪುಸ್ತಕ ಓದುವ ಚಟ ಇರುವವನು ನಾನೊಬ್ಬ ಎಂಬ ಕಾರಣಕ್ಕೆ ಕೇಳಿರಬೇಕು. ಓದುವುದು ಬೇರೆ, ಬರೆಯುವುದು ಬೇರೆ. ಕೂತಾಗಲೆಲ್ಲ ಅವಳ ಮುಖವಲ್ಲ, ಅವಳ ಕತ್ತು ನೆನಪಾಗುತ್ತದೆ. ಯಾವಾಗಲೂ ಮೇಲೆತ್ತಿದ ಕತ್ತು.

ಅವಳ ಪೂರ್ತಿ ಹೆಸರು ಲವೀನಿಯಾ. ಕಾಡಿನಿಂದ ಸೌದೆಯನ್ನೂ ಮನೆ ಕಟ್ಟುವ ದಿಮ್ಮಿಗಳನ್ನೂ ಕಡಿದು ತರುವುದು ಅವಳ ಕೆಲಸ. ಟನಾನಾ ನದಿಯ ಈ ದಂಡೆಯಲ್ಲಿ ಅವಳ ಸೌದೆ ಉರಿಯದ ಒಲೆ ಇರಲಿಲ್ಲ. ಮರ ಕಡಿಯುವವರು ಮರದ ಬುಡ ನೋಡುತ್ತಾರೆ. ವೀನಿ ತುದಿ ನೋಡುತ್ತಿದ್ದಳು. "ಕಾಲಡಿ ಏನಿದೆ ಗೊತ್ತಾಗಬೇಕಾದ್ರೆ ತಲೆ ಎತ್ತು" ಎನ್ನುವುದು ಅವಳ ಮಾತು. ನಮ್ಮ ನೆಲ ಬೇಸಿಗೆಯಲ್ಲಿ ಮೇಲೆ ಮಾತ್ರ ನೆಲ. ಕೆಳಗೆ ಎಷ್ಟೋ ಕಡೆ ಅಜ್ಜಂದಿರ ಅಜ್ಜಂದಿರ ಕಾಲದಿಂದ ಕರಗದೆ ಹಿಮಗಟ್ಟಿದ ಮಣ್ಣು, ನಾವು ಹೆಪ್ಪು ಎನ್ನುವುದು, ಕಲ್ಲಿನಂತೆ ಗಟ್ಟಿ. ಎಲ್ಲಿ ಇದೆ, ಎಲ್ಲಿ ಇಲ್ಲ, ಎಷ್ಟು ಆಳದಲ್ಲಿದೆ ಎಂಬುದು ಗೊತ್ತಿಲ್ಲದೆ ಮನೆ ಕಟ್ಟಿದರೆ ಮನೆ ಮುಳುಗುತ್ತದೆ. ಅಂಗೈ ಅಗಲದ ಕಾಂಡ, ಬಾಟಲಿ ತೊಳೆಯುವ ಬ್ರಷ್ಷಿನಂಥ ಕೊಂಬೆ, ಕೆಳಗೆ ಹಾಸಿಗೆಯಂಥ ಪಾಚಿ ಕಂಡರೆ ಅದು ಕಪ್ಪು ಸ್ಪ್ರೂಸ್, ಮೊಣಕಾಲಾಳದಲ್ಲೇ ಹೆಪ್ಪು. ಆ ಮರಗಳು ಒಂದರ ಹೆಗಲ ಮೇಲೊಂದು ವಾಲಿಕೊಂಡಿದ್ದರೆ ಹೆಪ್ಪು ಕರಗುತ್ತಿದೆ ಎಂದರ್ಥ. ಅಂಥದ್ದನ್ನು ನಾವು ಕುಡುಕರ ಕಾಡು ಎನ್ನುತ್ತೇವೆ. ದಪ್ಪ ಬಿಳಿ ಸ್ಪ್ರೂಸ್, ಬರ್ಚ್, ಆಸ್ಪೆನ್ ನೆಟ್ಟಗೆ ಬೆಳೆದಿದ್ದರೆ ನೆಲ ಬೆಚ್ಚಗಿದೆ, ನೀರು ಇಂಗುತ್ತದೆ.

ಇದು ಊರಿನ ಅರ್ಧ ಜನಕ್ಕೆ ಗೊತ್ತು. ಆದರೂ ಎಲ್ಲರೂ ಅವಳನ್ನು ಕರೆದು ಕೇಳುತ್ತಿದ್ದರು. ಅವಳ ಉತ್ತರ ಕೇಳುವುದಕ್ಕೇ ಕೆಲವರು ಹಿಂದೆ ಹೋಗುತ್ತಿದ್ದರು. ನನ್ನ ಅಕ್ಕನ ಮಗ ಪರ್ಸಿ ಮದುವೆಯಾದ ಹೊಸದರಲ್ಲಿ ಹಳ್ಳದ ಪಕ್ಕ ಒಂದು ಜಾಗ ತೋರಿಸಿದ.

"ಅತ್ತೆ, ಇಲ್ಲಿ ಹೇಗೆ? ಸಮತಟ್ಟಾಗಿದೆ, ನೀರೂ ಹತ್ತಿರ."

ವೀನಿ ಸುತ್ತಲಿನ ವಾಲಿದ ಸ್ಪ್ರೂಸ್‌ಗಳನ್ನು ನೋಡಿದಳು. "ಮನೆಗೋ, ದೋಣಿಗೋ?"

"ಮನೆಗೆ."

"ಹಂಗಾದ್ರೆ ಮೊದ್ಲು ಲಂಗರು ಹಾಕಿ ಆಮೇಲೆ ಗೋಡೆ ಎಬ್ಬಿಸಪ್ಪ."

ಪರ್ಸಿ ಮನೆಯನ್ನು ಬೇರೆ ಕಡೆ ಕಟ್ಟಿಕೊಂಡ. ಲಂಗರಿನ ಮಾತು ಮಾತ್ರ ಅವನನ್ನು ಬಿಡಲಿಲ್ಲ. ಅಂಗಡಿಗೆ ಹೋದರೂ "ಏನಪ್ಪ ನಾವಿಕ" ಎನ್ನುತ್ತಿದ್ದರು.

ಆದರೆ ಅವಳೂ ಒಮ್ಮೆ ಮೋಸ ಹೋಗಿದ್ದಳು. ಅದು ಅವಳದೇ ಮನೆಯ ವಿಷಯ.

ಮದುವೆಯಾದ ಮೇಲೆ ಅವಳೂ ಎನಾಕನೂ ದಕ್ಷಿಣದ ಇಳಿಜಾರಿನಲ್ಲಿ ಬರ್ಚ್ ತೋಪಿನ ನಡುವೆ ಮನೆ ಹಾಕಿದರು. ಜಾಗ ಅವಳದೇ ಆಯ್ಕೆ. ಬರ್ಚ್‌ಗಳು ಎಷ್ಟು ಚೆನ್ನಾಗಿದ್ದವೆಂದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಮರ ಕಡಿದರು, ಮೇಲಿನ ಹೊದಿಕೆ ಕೆರೆದು ಆಲೂಗಡ್ಡೆ ಹಾಕಿದರು. ಆಲೂಗಡ್ಡೆ ಚೆನ್ನಾಗಿಯೇ ಬಂತು. ಕೆಲವು ವರ್ಷ ಕಳೆದ ಮೇಲೆ ಹೊಲದ ನಡುವೆ ಅಲ್ಲಲ್ಲಿ ನೆಲ ಕುಸಿಯತೊಡಗಿತು, ನಮ್ಮ ಕಾಡಿನ ದೊಡ್ಡ ಜಿಂಕೆ ಮೂಸ್ ಮಲಗಿ ಎದ್ದ ಜಾಗದಂತೆ. ಆಮೇಲೆ ಆ ಗುಳಿಗಳಲ್ಲಿ ನೀರು ನಿಂತಿತು. ಆಮೇಲೆ ಮನೆಯ ಬಡಗಣ ಮೂಲೆ ಇಳಿಯಿತು. ಒಲೆಯ ಹತ್ತಿರ ಬಿದ್ದ ಆಲೂಗಡ್ಡೆ ತಾನಾಗಿಯೇ ಉರುಳಿ ಬಾಗಿಲಿಗೆ ಹೋಗುತ್ತಿತ್ತು.

ಬರ್ಚ್‌ನ ಬೇರಿನ ಕೆಳಗೆ, ಬಹಳ ಕೆಳಗೆ, ದೊಡ್ಡ ದೊಡ್ಡ ಮಂಜುಗಡ್ಡೆಗಳಿದ್ದವು. ಮರಗಳ ನೆರಳೂ ಎಲೆಗೊಬ್ಬರದ ಹೊದಿಕೆಯೂ ಇರುವವರೆಗೆ ಅವು ತಮ್ಮ ಪಾಡಿಗೆ ಇದ್ದವು. ಹೊದಿಕೆ ತೆಗೆದವರು ಇವರು.

ಎನಾಕ್ ಮಾತು ಕಡಿಮೆಯ ಮನುಷ್ಯ. ಪ್ರತಿ ವರ್ಷ ನೆಲ ಗಟ್ಟಿಯಾಗುವ ಮೊದಲು ತಿರುಪಿನ ಜಾಕಿ ಹಿಡಿದು ಮನೆಯ ಅಡಿಗೆ ತೆವಳುತ್ತಿದ್ದ. ಮೂಲೆಯನ್ನು ಎತ್ತಿ, ಕೆಳಗೆ ಹಲಗೆ ತುರುಕಿ, ಮಣ್ಣು ಮೆತ್ತಿದ ಮುಖದಲ್ಲಿ ಹೊರಗೆ ಬರುತ್ತಿದ್ದ. ಒಂದು ಸಲ ನಾನು ಅಲ್ಲೇ ಇದ್ದೆ. ವೀನಿ ಹೊರಗೆ ಸೌದೆ ಕೊರಡಿನ ಮೇಲೆ ಕೂತು ಯಾರ ಕಡೆಗೂ ನೋಡುತ್ತಿರಲಿಲ್ಲ.

"ಆಯ್ತು ನೋಡು, ನೆಟ್ಟಗಾಯ್ತು" ಎಂದ ಎನಾಕ್.

"ಬೈಯಬಾರ್ದಾ? ಒಂದು ಸಲನಾದ್ರೂ ಬೈದ್ಬಿಡು ಮಾರಾಯ."

"ಮನೆ ಎತ್ತೋದು ಸುಲಭ ಕಣೇ. ನಿನ್ನ ಮುಖ ಎತ್ತೋದೇ ಕಷ್ಟ. ಅದಕ್ಕೆ ಜಾಕಿ ಎಲ್ಲಿ ತರಲಿ?"

ಅವಳು ಕೈಗೆ ಸಿಕ್ಕ ಚಕ್ಕೆಯನ್ನು ಅವನ ಮೇಲೆ ಎಸೆದಳು. ಆಮೇಲೆ ನಕ್ಕಳು.

ಅಂದಿನಿಂದ ಅವಳ ಕೈಗೆ ಎದೆಯೆತ್ತರದ ಒಂದು ಕಬ್ಬಿಣದ ಸರಳು ಬಂತು. ಜಾಗ ನೋಡಲು ಹೋದಾಗ ತಲೆ ಎತ್ತಿ ಮರ ನೋಡುತ್ತಿದ್ದಳು, ಆಮೇಲೆ ಸರಳು ಚುಚ್ಚುತ್ತಿದ್ದಳು. ಕಲ್ಲಿಗೆ ತಾಗಿದರೆ ಕೈ ಝುಮ್ಮೆನ್ನುತ್ತದೆ. ಹೆಪ್ಪಿಗೆ ತಾಗಿದರೆ ಟಕ್ ಎಂದು ನಿಲ್ಲುತ್ತದೆ, ಕೈಗೆ ಏನೂ ಹೇಳುವುದಿಲ್ಲ. ಅಷ್ಟೂ ಸಾಲದೆ ನರಿ ಬಿಲ ಹುಡುಕುತ್ತಿದ್ದಳು. "ಮರ ಹೇಳೋದು ಬೇರು ಮುಟ್ಟಿದಷ್ಟು ಭಾವಾ. ಅದರ ಕೆಳಗಿನ ಸುದ್ದಿ ಅದಕ್ಕೇನು ಗೊತ್ತು ಪಾಪ. ನರಿಯನ್ನ ಕೇಳು. ಅದು ಮರಿ ಹಾಕೋ ಮನೆ ಅಲ್ವಾ, ತಣ್ಣಗಿರೋ ಕಡೆ ತೋಡಲ್ಲ."

ಎನಾಕ್ ಹೃದಯ ನಿಂತು ಹೋದ. ಚರ್ಚಿನ ಹಿಂದಿನ ಸ್ಮಶಾನದಲ್ಲಿ, ಕೊನೆಯ ಸಾಲಿನಲ್ಲಿ, ಕಾಡಿನ ಅಂಚಿಗೆ ಅವನನ್ನು ಇಟ್ಟರು. ಅವಳ ಅಣ್ಣತಮ್ಮಂದಿರೇ ತೋಡಿದರು. ಆ ಸ್ಮಶಾನ ಇರುವುದು ಕಪ್ಪು ಸ್ಪ್ರೂಸಿನ ಬಯಲಿನಲ್ಲಿ. ಹೊತ್ತು ತರಲು ಹತ್ತಿರ ಎಂದು ಹಿಂದಿನವರು ಆರಿಸಿದ ಜಾಗ. ನಮ್ಮವರು ಸತ್ತವರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಪ್ರತಿ ಮೇ ತಿಂಗಳ ಕೊನೆಗೆ ಊರಿಗೆ ಊರೇ ಸೇರಿ ಅಲ್ಲಿ ಪೊದೆ ಸವರುತ್ತದೆ, ಪಾಚಿ ಕೆರೆದು ಹೊರಗೆ ಹಾಕುತ್ತದೆ, ಬೇಲಿಗಳಿಗೆ ಬಣ್ಣ ಹೊಡೆಯುತ್ತದೆ. ಮುಂದೆ ನಿಂತು ಮಾಡಿಸುವವಳು ಡಾರ್ಲಾ. ಅಪ್ಪನ ಗೋರಿಯ ಸುತ್ತ ಒಂದು ಹುಲ್ಲುಕಡ್ಡಿ ಉಳಿಯಲು ಬಿಡುತ್ತಿರಲಿಲ್ಲ.

ಅಷ್ಟು ಚೊಕ್ಕಟ ಮಾಡಿದ ಬೇಲಿಗಳೆಲ್ಲ ಈಗ ಕುಡುಕರ ಕಾಡಿನಂತೆ ವಾಲಿವೆ. ಕೆಲವು ಗೋರಿಗಳ ಮೇಲೆ ಜೂನ್‌ನಲ್ಲಿ ನೀರು ನಿಂತು ಬಾತುಕೋಳಿ ಇಳಿಯುತ್ತದೆ.

ಹೋದ ವರ್ಷ ಬೇಸಿಗೆಯಲ್ಲಿ ವೀನಿಯ ಶ್ವಾಸಕೋಶದ ಕಾಯಿಲೆ ಇನ್ನು ವಾಸಿಯಾಗುವುದಿಲ್ಲ ಎಂದು ಫೇರ್‌ಬ್ಯಾಂಕ್ಸ್‌ನ ವೈದ್ಯರು ಹೇಳಿ ಕಳಿಸಿದರು. ಮನೆಗೆ ಬಂದ ದಿನವೇ ಡಾರ್ಲಾ ಮಾತು ತೆಗೆದಳು.

"ಅಮ್ಮಾ, ನಿನ್ನನ್ನ ಆ ನೀರಲ್ಲಿ ಇಡಲ್ಲ. ಅಪ್ಪನ ಬೇಲಿ ನೋಡಿದೀಯ ಹೆಂಗೆ ಮಲಗಿದೆ? ಒಂದಿನ ಎಲ್ಲ ಸೇರಿ ನದಿಗೆ ಹೋಗ್ತಾರೆ. ನೀನೇ ಒಂದು ಒಣ ಜಾಗ ನೋಡು. ಎಲ್ಲಿ ತೋರಿಸ್ತೀಯೋ ಅಲ್ಲಿ."

"ಅಪ್ಪನ್ನ?"

ಮಣ್ಣಿಗಿಟ್ಟವರನ್ನು ನಾವು ಮತ್ತೆ ಎಬ್ಬಿಸುವುದಿಲ್ಲ. ಅದು ಡಾರ್ಲಾಗೂ ಗೊತ್ತಿತ್ತು.

ವೀನಿಗೆ ಉಳಿದದ್ದು ಅದೊಂದೇ ಪ್ರಶ್ನೆ. ಒಣ ನೆಲದಲ್ಲಿ ಒಂಟಿಯಾಗಿ ಮಲಗುವುದೋ, ಎನಾಕನ ಪಕ್ಕ ನೀರಿನಲ್ಲೋ. ಅವಳು ಅದನ್ನು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ, ನೆಲ ವರ್ಷದಲ್ಲೇ ಹೆಚ್ಚು ಆಳಕ್ಕೆ ಕರಗಿರುವ ಹೊತ್ತಿಗೆ, ನನ್ನ ಮನೆಯ ಬಾಗಿಲು ತಟ್ಟಿದಳು. ಕೈಯಲ್ಲಿ ಸರಳು.

"ಬಾ ಭಾವಾ. ನೀನು ತೋಡೋ ಜಾಗ ನೀನೇ ನೋಡ್ಕೊ. ಆಮೇಲೆ ಸೊಂಟ ನೋವು ಅಂತ ನನ್ನ ಬೈಬೇಡ."

ಅವಳನ್ನು ನಾಲ್ಕು ಚಕ್ರದ ಮೋಟಾರು ಬಂಡಿಯ ಹಿಂದೆ ಕೂರಿಸಿಕೊಂಡು ಗುಡ್ಡದ ಬುಡದವರೆಗೆ ಹೋದೆ. ಅಲ್ಲಿಂದ ನಡಿಗೆ. ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ನಿಂತಾಗಲೆಲ್ಲ, ಮರ ನೋಡುವುದಕ್ಕೇ ನಿಂತವಳಂತೆ ತಲೆ ಎತ್ತುತ್ತಿದ್ದಳು. ಆಸ್ಪೆನ್ ಎಲೆಗಳೆಲ್ಲ ಹಳದಿಯಾಗಿದ್ದವು. ಏರಿನ ಮೇಲೆ ಬಿಳಿ ಸ್ಪ್ರೂಸ್‌ಗಳ ನಡುವೆ ಮರಳು ಹೊರಗೆ ಚೆಲ್ಲಿದ ಒಂದು ಬಿಲ ಸಿಕ್ಕಿತು. ಬಾಯಲ್ಲಿ ಮೊಲದ ಮೂಳೆ ಬಿದ್ದಿತ್ತು. ನಾಲ್ಕಾರು ಬಾಗಿಲಿದ್ದ ಹಳೆಯ ನರಿ ಮನೆ. ವೀನಿ ಪಕ್ಕದಲ್ಲಿ ಸರಳು ಒತ್ತಿದಳು. ಅದು ಹಿಡಿಯವರೆಗೆ ಇಳಿದುಹೋಯಿತು.

"ಸಿಕ್ತಲ್ಲ! ಇಷ್ಟು ಒಳ್ಳೆ ಜಾಗ ನನ್ನ ಮನೆಗೂ ಸಿಗಲಿಲ್ಲ" ಎಂದೆ.

"ಹೂಂ. ಚೆನ್ನಾಗಿದೆ" ಎಂದಳು. ಸ್ವಲ್ಪ ಹೊತ್ತು ಮರಳನ್ನು ಬೆರಳಲ್ಲಿ ಉದುರಿಸುತ್ತ ಕೂತಳು. "ನರಿಗಳು ಗಂಡ ಹೆಂಡತಿ ಇಬ್ಬರೂ ಇರ್ತವೆ ಇಲ್ಲಿ."

ಇಳಿದು ಬರುವಾಗ ಸ್ಮಶಾನದ ಹತ್ತಿರ ನಿಲ್ಲಿಸು ಎಂದಳು. ಎನಾಕನ ನೀಲಿ ಬೇಲಿ ಕಾಡಿಗೆ ಬೆನ್ನು ಮಾಡಿ ಸ್ಮಶಾನದ ಕಡೆಗೆ ವಾಲಿತ್ತು. ಅದನ್ನು ನಾನು ಎಷ್ಟೋ ಸಲ ನೋಡಿದ್ದೆ, ಆದರೆ ಯಾವ ಕಡೆಗೆ ವಾಲಿದೆ ಎಂದು ಯೋಚಿಸಿರಲಿಲ್ಲ. ಅವಳು ಯೋಚಿಸಿದಳು. ಚೊಕ್ಕಟ ಮಾಡಿದ ಬದಿಯಲ್ಲಿ ಸರಳು ಚುಚ್ಚಿದಳು. ಅದು ಕೆಸರಿನಲ್ಲಿ ಇಳಿಯಿತು, ಇಳಿಯುತ್ತಲೇ ಹೋಯಿತು. ಆಮೇಲೆ ಬೇಲಿ ಸುತ್ತಿಕೊಂಡು ಆ ಬದಿಗೆ ಹೋದಳು. ಅಲ್ಲಿ ಕಾಡು. ಯಾರೂ ಸವರದ ಕಪ್ಪು ಸ್ಪ್ರೂಸ್, ಯಾರೂ ಕೆರೆಯದ ಪಾಚಿ. ಸರಳು ಮೊಣಕಾಲಿನಷ್ಟು ಇಳಿದು ಟಕ್ ಎಂದು ನಿಂತಿತು. ಪಕ್ಕದಲ್ಲಿ ಚುಚ್ಚಿದಳು. ಟಕ್.

ಅವಳು ತಲೆ ಎತ್ತಿ ಆ ಬಡಕಲು ಮರಗಳ ತುದಿ ನೋಡಿದಳು. ಒಂದೂ ವಾಲಿರಲಿಲ್ಲ.

"ಭಾವಾ, ನಾವು ಇವುಗಳ ಮಾತನ್ನ ಯಾವಾಗ್ಲೂ ಒಂದೇ ಥರ ಕೇಳಿಸ್ಕೊಂಡ್ವಿ. ಕಪ್ಪು ಸ್ಪ್ರೂಸ್ ಕಂಡ್ರೆ ಕೆಟ್ಟ ನೆಲ, ಮುಂದೆ ಹೋಗು. ಮನೆ ಕಟ್ಟೋರಿಗೆ ಕೆಟ್ಟದ್ದೇ, ಸರಿ. ನನಗಿನ್ನು ಒಲೆ ಹಚ್ಚೋ ಕೆಲಸ ಇಲ್ಲವಲ್ಲ."

"ಅಂದ್ರೆ?"

"ನಿನ್ನ ಪುಸ್ತಕದಲ್ಲಿ ಬರೆದಿಲ್ವಾ? ಹೊದಿಕೆ ಎಳೀಬೇಡಿ ಅಂತಿದೆ ಮರ. ಅಷ್ಟೇ. ಹೊದಿಕೆ ಇದ್ರೆ ಈ ಹೆಪ್ಪು ಎಲ್ಲಿಗೂ ಹೋಗಲ್ಲ. ಇದಕ್ಕಿಂತ ಗಟ್ಟಿ ನೆಲ ಯಾವುದಿದೆ?"

ಆ ಸಂಜೆ ಮಗಳಿಗೆ ಹೇಳಿದಳು. ಎನಾಕನ ಪಕ್ಕದಲ್ಲೇ, ಕಾಡಿನ ಬದಿಗೆ. ಪಾಚಿಯನ್ನು ತುಂಡುತುಂಡಾಗಿ ತೆಗೆದಿಟ್ಟು ಮತ್ತೆ ಹಾಗೇ ಹೊದಿಸಬೇಕು. ಇನ್ನು ಮೇಲೆ ಅಲ್ಲಿ ಯಾರೂ ಕೆರೆಯಬಾರದು, ಎನಾಕನ ಸುತ್ತಲೂ ಕೂಡ.

ಡಾರ್ಲಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಹಂಗಾದ್ರೆ ಅಪ್ಪನ್ನ ಮುಳುಗಿಸಿದ್ದು ನಾನು ಅಂತೀಯ."

"ಯಾರಮ್ಮ ಹಂಗಂದ್ರು? ಬರ್ಚ್ ಕೆಳಗೆ ಆಲೂಗಡ್ಡೆ ಹಾಕಿದೋಳು ನಾನು. ನಾನು ಮನೆ ಮುಳುಗಿಸಿದೆ. ಇಬ್ಬರೂ ಚೊಕ್ಕಟದ ಹುಚ್ಚಿನೋರು."

"ಅಮ್ಮ, ತಮಾಷೆ ಬೇಡ. ಗುಡ್ಡದ ಮೇಲೆ ಒಳ್ಳೆ ಜಾಗ ಸಿಕ್ಕಿದೆ ಅಂತ ದೊಡ್ಡಪ್ಪ ಹೇಳಿದ್ರು."

"ಸಿಕ್ಕಿದೆ. ಊರಿಗೆ ಹೊಸ ಸ್ಮಶಾನ ಮಾಡಿ. ನಿಮ್ಮ ದೊಡ್ಡಪ್ಪನ ಹೊಟ್ಟೆಗೆ ಅಂಥ ಮರಳೇ ಬೇಕು, ಬೇಗ ತೋಡಬಹುದು."

ಡಾರ್ಲಾ ನಗಲಿಲ್ಲ. ಕೋಟು ಹಾಕಿಕೊಂಡು ಹೊರಟುಹೋದಳು. ತಾಯಿ ಏನೇ ಹೇಳಿದರೂ, ಜಾಗ ತೋರಿಸುವ ಹಕ್ಕು ಕೊನೆಗೆ ಮನೆಯವರದು. ಅವರು ತೋರಿಸಿದಲ್ಲಿ ತೋಡುವವರು ನಾವು, ಬಾಯಿ ಹಾಕುವಂತಿಲ್ಲ. ಅದು ವೀನಿಗೂ ಗೊತ್ತಿತ್ತು. ಮತ್ತೆ ಒತ್ತಾಯ ಮಾಡಲಿಲ್ಲ. ಅಕ್ಟೋಬರ್ ಪೂರ್ತಿ ತಾಯಿಮಗಳು ಔಷಧಿ, ಸಾರು, ಹಿಮ ಯಾವಾಗ ಬೀಳುತ್ತದೆ ಎಂಬ ಮಾತಿನಲ್ಲೇ ಕಳೆದರು. ಡಾರ್ಲಾ ಉತ್ತರ ಕೊಡುವ ಮೊದಲೇ ವೀನಿ ಹೋದಳು. ಬೆಳಗಿನ ಚಹಾ ಅರ್ಧ ಕುಡಿದು, ಉಳಿದದ್ದು ಆರಲಿ ಎಂದು ಪಕ್ಕಕ್ಕಿಟ್ಟಿದ್ದಳು.

ಮರುದಿನ ಪರ್ಸಿ, ನಾನು, ನಮ್ಮ ಕಡೆಯ ಇನ್ನೂ ಕೆಲವರು ಸಲಿಕೆ, ಹಾರೆ, ಮೋಟಾರು ಗರಗಸ ಹಿಡಿದು ನನ್ನ ಅಂಗಳದಲ್ಲಿ ನಿಂತಿದ್ದೆವು. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗುಡ್ಡಕ್ಕೋ, ಚರ್ಚಿನ ಹಿಂದಕ್ಕೋ. ಹಿಮ ತೆಳ್ಳಗೆ ಬಿದ್ದಿತ್ತು. ಡಾರ್ಲಾ ಮೂಸ್ ಮಾಂಸದ ಸಾರಿನ ದೊಡ್ಡ ಪಾತ್ರೆಯನ್ನು ಜಾರುಬಂಡಿಯಲ್ಲಿ ಎಳೆದುಕೊಂಡು ಬಂದಳು. ಪಾತ್ರೆಯ ಪಕ್ಕದಲ್ಲಿ ಅಮ್ಮನ ಸರಳು ಇತ್ತು. ಅದರ ತುದಿಗೆ ಹೊಸ ಮಣ್ಣು ಹೆಪ್ಪುಗಟ್ಟಿತ್ತು.

"ಬೆಳಿಗ್ಗೆ ಹೋಗಿದ್ದೆ ದೊಡ್ಡಪ್ಪ" ಎಂದಳು. "ಅಪ್ಪನ ಬೇಲಿಯ ಎರಡೂ ಕಡೆ ಚುಚ್ಚಿ ನೋಡಿದೆ." ಆಮೇಲೆ ಸರಳನ್ನು ನನ್ನ ಕೈಗಿಟ್ಟು, "ಅಪ್ಪನ ಪಕ್ಕ. ಪಾಚಿ ಜೋಪಾನ."

ಪಾಚಿಯ ಮೇಲ್ಪದರ ಆಗಲೇ ಹೆಪ್ಪುಗಟ್ಟಿತ್ತು. ಗರಗಸದಲ್ಲಿ ಇಟ್ಟಿಗೆಯಂತೆ ಕೊಯ್ದು, ಯಾವುದರ ಪಕ್ಕ ಯಾವುದು ಎಂದು ತಪ್ಪದಂತೆ ಹಿಮದ ಮೇಲೆ ಸಾಲಾಗಿ ಜೋಡಿಸಿದೆವು. ಒಂದು ತುಂಡಿನಲ್ಲಿ ಕೆಂಪು ಹಣ್ಣುಗಳು ಇನ್ನೂ ಇದ್ದವು. ಆಮೇಲೆ ಬೆಂಕಿ. ಮೊಣಕಾಲಾಳದ ಕೆಳಗೆ ಬೆಂಕಿಯಿಲ್ಲದೆ ಸಲಿಕೆ ಇಳಿಯುವುದಿಲ್ಲ. ಹಚ್ಚುವುದು, ಆರಿಸುವುದು, ಮೆತ್ತಗಾದಷ್ಟು ತೋಡುವುದು, ಮತ್ತೆ ಹಚ್ಚುವುದು. ಸೌದೆ ವೀನಿಯ ಅಂಗಳದ್ದು. ಅವಳೇ ಸೀಳಿ ಒಣಗಿಸಿದ ಬರ್ಚ್. ನಾನು ಅದನ್ನು ಒಂದೊಂದೇ ಇಡುತ್ತಿದ್ದೆ. ಎಲ್ಲಿ ಕೊಡಲಿ ಬಿದ್ದಿದೆ ಎಂದು ಕಾಣುತ್ತಿತ್ತು. ಅವಳ ಏಟು ಯಾವಾಗಲೂ ಒಂದೇ.

ಸೊಂಟದಾಳದಲ್ಲಿ ಬರೀ ಮಂಜುಗಡ್ಡೆಯ ಪಟ್ಟಿ ಸಿಕ್ಕಿತು, ಗಾಜಿನಂತೆ, ಒಳಗೆ ಸಣ್ಣ ಗಾಳಿಗುಳ್ಳೆಗಳು. ಪರ್ಸಿ ಕೈಗವಸು ಕಳಚಿ ಅದರ ಮೇಲೆ ಅಂಗೈ ಇಟ್ಟ. ಡಾರ್ಲಾ ಸಾರಿನ ಬಟ್ಟಲು ಹಿಡಿದು ಮೇಲೆ ನಿಂತಿದ್ದಳು.

"ಏನಾಯ್ತು?" ಎಂದಳು.

"ಏನಿಲ್ಲ" ಎಂದ ಪರ್ಸಿ. "ನಮ್ಮತ್ತೆ ಕೊನೆಗೂ ಲಂಗರು ಹಾಕಿದಳು."

ಅವಳು ನಕ್ಕಳು. ನಗುತ್ತಾ ನಗುತ್ತಾ ಬಟ್ಟಲಿನ ಸಾರೆಲ್ಲ ಹಿಮದ ಮೇಲೆ ಚೆಲ್ಲಿತು. ಅಮ್ಮ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು.

ಇಳಿಸಿದೆವು. ಮಣ್ಣು ಮುಚ್ಚಿದೆವು. ಪಾಚಿಯ ತುಂಡುಗಳನ್ನು ಇದ್ದಂತೆಯೇ ಹೊದಿಸಿ, ಸಂದುಗಳಿಗೆ ಹಿಮ ತುಂಬಿದೆವು. ಬೇಲಿಯನ್ನು ನಾನೂ ಪರ್ಸಿಯೂ ಇಬ್ಬರಿಗೂ ಸೇರುವಂತೆ ಅಗಲವಾಗಿ ಕಟ್ಟಿದೆವು. ಎನಾಕನ ಹಳೆಯ ಬೇಲಿಯ ಮೂರು ಬದಿ ಅದಕ್ಕೆ ಒದಗಿತು.

ಮಾರ್ಚ್‌ನಲ್ಲಿ ಡಾರ್ಲಾ ಪಾಟ್ಲ್ಯಾಚ್ ಮಾಡಿದಳು. ಸತ್ತವರಿಗಾಗಿ ದುಡಿದವರಿಗೆಲ್ಲ ಊಟ ಹಾಕಿ ಉಡುಗೊರೆ ಕೊಟ್ಟು ದುಃಖ ಇಳಿಸಿಕೊಳ್ಳುವ ದಿನ. ಪರ್ಸಿಗೆ ಬಂದೂಕು ಬಂತು. ನನ್ನ ಹೆಗಲಿಗೆ ಕಂಬಳಿ ಹೊದಿಸಿದಳು. ಕಂಬಳಿಯೊಳಗೆ ಏನೋ ಭಾರವಾಗಿತ್ತು. ಬಿಚ್ಚಿದರೆ ಎನಾಕನ ಜಾಕಿ, ಎಣ್ಣೆ ಹಚ್ಚಿ ಒರೆಸಿದ್ದು.

"ಬೇಲಿ ವಾಲಿದ್ರೆ ಬೇಕಾಗತ್ತೆ ದೊಡ್ಡಪ್ಪ" ಎಂದಳು.

ಮೇ ಕೊನೆಗೆ ಊರಿನವರು ಕುಡುಗೋಲು, ಕುಂಟೆ ಹಿಡಿದು ಸ್ಮಶಾನಕ್ಕೆ ಬಂದರು. ಡಾರ್ಲಾ ಬೇಲಿಗೆ ಬಣ್ಣ ಹೊಡೆದಳು. ನೆಲ ಮುಟ್ಟಲಿಲ್ಲ. "ಗೋರಿ ಕಾಡಾಗ್ತಿದೆಯಲ್ಲೇ" ಎಂದು ಒಬ್ಬ ಅಜ್ಜಿ ಗೊಣಗಿದಳು. "ಆಗಲಿ ಬಿಡಜ್ಜಿ" ಎಂದು ಬಣ್ಣ ಹೊಡೆಯುತ್ತಲೇ ಇದ್ದಳು. ಈ ವರ್ಷ ಇನ್ನೂ ಎರಡು ಮೂರು ಮನೆಯವರು ಕೆರೆಯದೆ ಬಿಟ್ಟರು. ಉಳಿದವರು ಕೆರೆದರು.

ನಿನ್ನೆ ನಾನು ಹೋಗಿದ್ದೆ. ಮತ್ತೆ ಸೆಪ್ಟೆಂಬರ್ ಕೊನೆ, ನೆಲ ಹೆಚ್ಚು ಕರಗಿರುವ ಹೊತ್ತು. ಜಾಕಿಯನ್ನೂ ಸರಳನ್ನೂ ಒಯ್ದಿದ್ದೆ. ಎನಾಕನ ಬದಿಯಲ್ಲಿ ಬೇಲಿ ಒಂದು ಬೆರಳಿನಷ್ಟು ಇಳಿದಿತ್ತು. ಎತ್ತಿ ಹಲಗೆ ಇಟ್ಟೆ. ಅವನ ಸುತ್ತ ಪಾಚಿ ಇನ್ನೂ ಅಂಗೈ ಅಗಲ ಅಷ್ಟೇ ಮರಳಿದೆ, ಬಹಳ ನಿಧಾನ. ಅವಳ ಬದಿಯ ಪಾಚಿಯಲ್ಲಿ ಕೊಯ್ದ ಗೆರೆಗಳು ಕಾಣಲಿಲ್ಲ. ಕೆಂಪು ಹಣ್ಣು ಬಿಟ್ಟಿತ್ತು. ಕೂತು ಸ್ವಲ್ಪ ತಿಂದೆ. ನನ್ನ ಹೊಟ್ಟೆಯ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ಆಮೇಲೆ ಎದ್ದು, ಬೇಲಿಯ ಹೊರಗೆ, ಅವಳ ಕಡೆಯಲ್ಲಿ ಸರಳು ಚುಚ್ಚಿದೆ. ಮೊಣಕಾಲಿನಷ್ಟು ಇಳಿದು ಟಕ್ ಎಂದು ನಿಂತಿತು.